ಹನ್ನೆರಡನೆಯ ಕುರ್ಚಿ

ಸಾಗರ
12 ಜೂನ್ 2025

ಪ್ರೀತಿಯ ರೆಜ್ಜಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದನ್ನು ಒಲೆಗೆ ಹಾಕಬೇಡ ಮಾರಾಯ್ತಿ. ಇಪ್ಪತ್ತೊಂದು ವರ್ಷ ಒಂದು ಸಾಲು ಬರೆಯದ ಅಕ್ಕ ಈಗ ಯಾಕೆ ಬರೆದಳು ಎಂದು ನೀನು ಕೇಳಿದರೆ ತಪ್ಪಿಲ್ಲ. ನಿನ್ನ ಫೋನ್ ನಂಬರು ಸಿಕ್ಕಿತ್ತು. ಎರಡು ಸಲ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಊರಿಗೆಲ್ಲ ಬಾಯಿ ಮಾಡುವ ನನಗೆ ನಿನ್ನ ಹತ್ತಿರ ಬಾಯಿ ಬರಲಿಲ್ಲ.

ನಿನ್ನ ಯಜಮಾನರು ತೀರಿಕೊಂಡದ್ದು ನನಗೆ ತಿಳಿದದ್ದು ಮಣ್ಣಾದ ಮೂರನೆಯ ದಿನ. ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಬಂತು. ಹೊಸನಗರದ ಜೋಸೆಫ್ ಹೂವಪ್ಪ, ವಯಸ್ಸು ಐವತ್ತೆರಡು, ಹೆಂಡತಿ ರೆಜಿನಾ. ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾನು ಮೊಬೈಲನ್ನು ಮಗುಚಿಟ್ಟು ಅಕ್ಕಿ ಆರಿಸುತ್ತ ಕೂತೆ. ಅವರು ನನ್ನ ಮುಂದೆ ಬಂದು ನಿಂತು ತಿಂಗಳಷ್ಟೇ ಆಗಿತ್ತು. ಅದನ್ನು ಹೇಳಲಿಕ್ಕೇ ಈ ಕಾಗದ.

ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ಹಾಗೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಅದರ ಏರ್ಪಾಡು ಎಂಟು ವರ್ಷದಿಂದ ನನ್ನದೇ. ಜನರನ್ನು ಆರಿಸುವವಳು, ಕುರ್ಚಿ ಹಾಕಿಸುವವಳು, ಬಿಳಿ ಟವೆಲ್ ಇಸ್ತ್ರಿ ಮಾಡುವವಳು ಎಲ್ಲ ನಾನೇ. ಹಿಂದಿನ ದಿನ ಹನ್ನೆರಡು ಮನೆಗೂ ಫೋನ್ ಮಾಡಿ, "ಮನೆಲೇ ಚೆನ್ನಾಗಿ ಉಜ್ಜಿ ತೊಳ್ಕೊಂಡು ಬನ್ನಿ, ಉಗುರು ತೆಗೀರಿ" ಎನ್ನುತ್ತೇನೆ. ನಗಬೇಡ. ಫಾದರ್ ಮುಂದೆ ಕೊಳೆ ಕಾಲು ಚಾಚುವುದು ಮರ್ಯಾದೆಯಲ್ಲ ಎಂದೇ ನಂಬಿದ್ದೆ. ಹೋದ ವರ್ಷ ಫಾದರ್, "ಬೆನೆಡಿಕ್ಟಾಬಾಯಿ, ನಂಗೂ ತೊಳೆಯೋಕೆ ಏನಾದ್ರೂ ಉಳ್ಸಿ" ಅಂದಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಈ ಸಲ ಹನ್ನೆರಡನೆಯವರು ಬರಲಿಲ್ಲ, ಸೊಂಟ ಹಿಡಿದುಕೊಂಡಿತಂತೆ. ಪೂಜೆಗೆ ಇನ್ನು ಹತ್ತೇ ನಿಮಿಷ. ಯಾರಾದರೂ ಸಿಗುತ್ತಾರಾ ಎಂದು ಬಾಗಿಲ ಹತ್ತಿರ ಹುಡುಕುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದ. ಅಂಗಿಯೊಳಗೆ ಮೈಯೇ ಇಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಲ. "ಅಮ್ಮಾ, ಜಾಗ ಖಾಲಿ ಇದ್ರೆ ನಾ ಕೂರ್ಲಾ?" ಅಂದ. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಜಂಬಿಟ್ಟಿಗೆ ಕಲ್ಲು ಕಡಿಯುವವರ ಕಾಲು. ಹಿಮ್ಮಡಿ ಒಡೆದು ಬಿರುಕಿನೊಳಗೆಲ್ಲ ಕೆಂಪು ಮಣ್ಣು ಕೂತಿತ್ತು. "ಈ ಕಾಲಲ್ಲಿ ಎಂತಕ್ಕೆ ಬಂದೆ? ಟವೆಲ್ ಎಲ್ಲಾ ಹಾಳಾಗ್ತದೆ. ಹಿಂದೆ ಹೋಗು" ಎಂದೆ. ಅವನು ತನ್ನ ಕಾಲನ್ನು ತಾನೇ ಒಮ್ಮೆ ನೋಡಿಕೊಂಡ. "ತೊಳ್ದೇ ಬಂದಿದ್ದೆ. ಹೋಗ್ಲಿಲ್ಲ" ಅಂದ. ಅಷ್ಟೇ. ಮೆಟ್ಟಿಲಿಳಿದು ಹೊರಟೇಹೋದ.

ಆ ಕುರ್ಚಿ ಖಾಲಿ ಉಳಿಯಿತು. ಫಾದರ್ ಹನ್ನೊಂದು ಜನರ ಕಾಲು ತೊಳೆದು ಅದರ ಮುಂದೆಯೂ ಮಂಡಿಯೂರಿ, "ಇಲ್ಲಿ ಯಾರು?" ಎಂದು ನನ್ನ ಕಡೆ ನೋಡಿದರು. ಯಾರೂ ಇಲ್ಲ ಫಾದರ್ ಎಂದೆ.

ಯಾರೂ ಇಲ್ಲವಂತೆ! ಈ ಬಾಯಲ್ಲಿ ಹುಳ ಬೀಳಲಿ.

ಶಿವಮೊಗ್ಗದ ಡಾಕ್ಟರು ಕೈಚೆಲ್ಲಿದ ದಿನವಂತೆ ಅದು. ನೇರ ನಿನ್ನ ಹತ್ತಿರ ಬರದೆ ನಿನ್ನ ಯಜಮಾನರು ಸಾಗರಕ್ಕೆ ಬಂದಿದ್ದರು. ಮಲಗಿದ್ದಲ್ಲಿಗೆ ನೋಡಲು ಬಂದ ನಿಮ್ಮ ಫಾದರ್ ಹತ್ತಿರ, "ನಾ ಹೋದ್ಮೇಲೆ ರೆಜಿನಾಗೆ ಅವಳಕ್ಕ ಬೇಕಾಗ್ತಾರೆ. ಒಂದ್ ಮಾತು ಕೇಳಣ ಅಂತ ಹೋಗಿದ್ದೆ, ಸಿಗ್ಲಿಲ್ಲ" ಅಂದರಂತೆ. ನಿಮ್ಮ ಫಾದರ್ ಅದನ್ನು ನಮ್ಮ ಫಾದರ್‌ಗೆ ಹೇಳಿದರು. ಸಿಗಲಿಲ್ಲ ಎಂದು ಹೇಳಿ ನನ್ನ ಮಾನ ಉಳಿಸಿ ಹೋದರು, ಪುಣ್ಯಾತ್ಮ. ಯೇಸು ಯಾವ ವೇಷದಲ್ಲಿ ಬರುತ್ತಾನೋ ಹೇಳಲಾಗದು ಎಂದು ಭಾನುವಾರ ಭಾನುವಾರ ಮಕ್ಕಳಿಗೆ ಪಾಠ ಮಾಡುವವಳು ನಾನು. ಬಂದವನನ್ನು ಕಾಲು ಕೊಳೆ ಎಂದು ಅಟ್ಟಿದೆ.

ಗುರುತು ಸಿಗಲಿಲ್ಲ ರೆಜ್ಜಿ. ಕಲ್ಲು ಕಡಿಯುವವನ ಹಿಂದೆ ಹೋದಳು ಎಂದು ಅಪ್ಪನಿಗಿಂತ ಜೋರಾಗಿ ಕೂಗಾಡಿ ನಿನ್ನ ಮದುವೆಗೆ ಬಾರದೆ ಉಳಿದವಳು ನಾನು. ಕಾಣದ ಮುಖದ ಗುರುತು ಹೇಗೆ ಸಿಗಬೇಕು, ನೀನೇ ಹೇಳು.

ಬರುವ ಬುಧವಾರ ಅವರ ತಿಂಗಳ ಪೂಜೆ. ನಾನು ಬರಲಾ? ಮನೆಗೆ ಕರೆಯಬೇಡ, ಊಟಕ್ಕೆ ಕೂರಿಸಬೇಡ. ಚರ್ಚಿನ ಬಾಗಿಲಲ್ಲಿ ನಿಂತಿದ್ದು, ಗೋರಿಯ ಹತ್ತಿರ ಒಂದು ಮೇಣದಬತ್ತಿ ಹಚ್ಚಿ ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತೇನೆ. ನನ್ನ ನಂಬರು ಹಿಂದಿನ ಪುಟದಲ್ಲಿದೆ. ಬೇಡ ಅನ್ನಿಸಿದರೆ ಬೇಡ ಎಂದು ಒಂದು ಮೆಸೇಜ್ ಹಾಕು, ಸಾಕು.

ನಿನ್ನ ಮುಖ ನೋಡಲು ಯೋಗ್ಯತೆ ಇಲ್ಲದ,
ಅಕ್ಕ ಬೆನೆಡಿಕ್ಟಾ

ವಿ.ಸೂ.: ಅಂಟು ಹಚ್ಚಿದ್ದ ಲಕೋಟೆಯನ್ನು ಮತ್ತೆ ಒಡೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ಅವರು ನನ್ನನ್ನು ಅಮ್ಮಾ ಎನ್ನಲಿಲ್ಲ. "ಬೆನ್ನಕ್ಕಾ, ನಾ ಕೂರ್ಲಾ?" ಅಂದರು. ನನ್ನನ್ನು ಹಾಗೆ ಕರೆದವಳು ಈ ಲೋಕದಲ್ಲಿ ನೀನೊಬ್ಬಳೇ. ಅವರು ಯಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು ರೆಜ್ಜಿ. ಸುತ್ತ ಜನ ಇದ್ದರು. ಅದಕ್ಕೇ ತಲೆ ತಗ್ಗಿಸಿ ಕಾಲು ನೋಡಿದೆ.