ಬೆಟ್ಟದ ಊಟಕ್ಕೆ ಮುಂಚೆ ಬನ್ನಿ

ಹೋಟೆಲಿನ ಹಿಂದಿನ ಮನೆ,
ಅಕ್ಟೋಬರ್ 14, ಬುಧವಾರ ಮಧ್ಯಾಹ್ನ

ರೀ, ಪ್ರೀತಿಯವರೇ,

ಹೇಗಿದ್ದೀರಿ? ಜ್ವರ ಮತ್ತೆ ಬಂದಿಲ್ಲ ತಾನೆ? ಕೆಳಗೆ ಬಯಲಿನಲ್ಲಿ, ನಿಮ್ಮ ಅಕ್ಕನ ಊರಲ್ಲಿ, ಇನ್ನೂ ಸೆಕೆ ಇರಬೇಕು, ಆದರೂ ರಾತ್ರಿ ಮಲಗುವಾಗ ಕಿವಿಗೆ ಏನಾದರೂ ಸುತ್ತಿಕೊಳ್ಳಿ. ಮಗಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಪತ್ರದಲ್ಲಿ ಹಾಗೆ ಬರೆಯುವುದೇ ರೂಢಿ. ಆದರೆ ಚೆನ್ನಾಗಿಲ್ಲ. ಫೋನ್ ಮಾಡಿದಾಗಲೆಲ್ಲ ನಿಮ್ಮ ಅಕ್ಕ “ಸ್ನಾನಕ್ಕೆ ಹೋಗಿದಾನೆ ಕಣೇ” ಎನ್ನುತ್ತಾರೆ. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಇಲ್ಲಿದ್ದಾಗ ಚಳಿ ಎಂದು ನೆಪ ಹೇಳಿ ಮುಖ ಮಾತ್ರ ತೊಳೆದುಕೊಳ್ಳುತ್ತಿದ್ದವರು ನೀವು. ನಿನ್ನೆ ಮಾತ್ರ ಅವರಿಗೂ ಸುಳ್ಳು ಹೇಳಿ ಸಾಕಾಗಿತ್ತೇನೋ, “ಎರಡು ತುತ್ತು ತಿಂದು ತಟ್ಟೆ ತಳ್ತಾನೆ, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾನೆ” ಎಂದುಬಿಟ್ಟರು. ಅದಕ್ಕೇ ಬರೆಯಲು ಕೂತೆ. ಪತ್ರವನ್ನಾದರೆ ಸ್ನಾನದ ಮನೆಯ ಬಾಗಿಲಿನ ಸಂದಿಯಿಂದಲೂ ತಳ್ಳಬಹುದು.

ಬೆಟ್ಟವೆಲ್ಲ ಹಳದಿಯಾಗಿದೆ. ಎಲೆ ಉದುರುವುದನ್ನು ನೋಡಲು ಬಂದವರಿಂದ ಊರು ತುಂಬಿದೆ. ಬೆಳಿಗ್ಗೆ ಬೂಟು ಬಿಗಿದು ಕೋಲು ಹಿಡಿದು ಬೆಟ್ಟ ಹತ್ತುತ್ತಾರೆ, ಮಧ್ಯಾಹ್ನ ಕೆರೆಯಲ್ಲಿ ದೋಣಿ, ಸಂಜೆ ಚೌಕದಲ್ಲಿ ಸಂಗೀತ, ಅದು ಮುಗಿದದ್ದೇ ತಡ ನಮ್ಮ ಬಾಗಿಲಿಗೆ. ಎಲೆ ನೋಡಿ ಬಂದವರಿಗೆ ಎಂಥ ಹಸಿವು ಎಂದು ನಿಮಗೆ ಗೊತ್ತೇ ಇದೆ. ಹೋದ ಶುಕ್ರವಾರ ಮಗಳ ಶಾಲೆಯವರೂ ಚೌಕದಲ್ಲಿ ಹಾಡಿದರು. ಪ್ರತಿವರ್ಷ ನೀವು ಏಪ್ರನ್ನು ಬಿಚ್ಚದೆ ಓಡಿಬಂದು ದೀಪದ ಕಂಬದ ಹತ್ತಿರ ನಿಲ್ಲುತ್ತಿದ್ದಿರಲ್ಲ, ಅವಳು ಹಾಡಿನುದ್ದಕ್ಕೂ ಆ ಕಂಬವನ್ನೇ ನೋಡುತ್ತಿದ್ದಳು. ಒಂದು ಸಾಲು ಮರೆತಳು. ಮನೆಗೆ ಬಂದ ಮೇಲೆ “ಅಪ್ಪ ಬಂದಿದ್ರೆ ಮರೀತಿರ್ಲಿಲ್ಲ” ಎಂದು ತಪ್ಪನ್ನು ನಿಮ್ಮ ತಲೆಗೇ ಕಟ್ಟಿ ಮಲಗಿದಳು. ಮಗಳು ಥೇಟ್ ನಿಮ್ಮ ಹಾಗೆ.

ಮೇಲಿನ ಮನೆಯ ಚಿತ್ರಗಾರರು ಎದುರಿನ ಮೆಟ್ಟಿಲ ಮೇಲೆ ಹಲಗೆ ನಿಲ್ಲಿಸಿಕೊಂಡು ಕೂರುತ್ತಿದ್ದಾರೆ. ಅವರ ಕಣ್ಣಿಗೆ ಕೆಂಪೂ ಹಸಿರೂ ಒಂದೇ ಎಂದು ನನಗೆ ಈ ವರ್ಷವೇ ಗೊತ್ತಾದದ್ದು. ಮೊನ್ನೆ ಹಾಲು ತರಲು ಹೊರಟವಳನ್ನು ಕರೆದು “ತಂಗೀ, ಆ ಮೂಲೆ ಮರ ಕೆಂಪಾಯ್ತಾ, ಇಲ್ಲ ಇನ್ನೂ ಹಸಿರೇ ಇದೆಯಾ?” ಎಂದು ಕೇಳಿದರು. ಕೆಂಪಾಗಿದೆ ಎಂದೆ. “ಹಾಗಾದ್ರೆ ಕೆಂಪು ತೆಗೆದುಕೊಡು” ಎಂದರು. ಕೊಟ್ಟೆ, ಬಳಿದರು. ಒಂದಿಷ್ಟೂ ಸಂಕೋಚವಿಲ್ಲ ಮಾರಾಯರಿಗೆ. ಈಗ ದಿನಾ ಬೆಳಿಗ್ಗೆ ನಾನು ನೋಡಿ ಹೇಳುತ್ತೇನೆ, ಅವರು ಬರೆಯುತ್ತಾರೆ. ಹಾಗೆಂದು ಚಿತ್ರ ನನ್ನದಾಗುತ್ತದೆಯೇ? ಅವರದೇ. ಇದನ್ನು ಯಾಕೆ ಬರೆದೆ ಎಂದು ನಿಮಗೆ ಅರ್ಥವಾಗುತ್ತದೆ, ದಡ್ಡರೇನಲ್ಲ ನೀವು.

ಆ ಜ್ವರ ನಿಮ್ಮ ಮೂಗನ್ನೂ ನಾಲಿಗೆಯನ್ನೂ ಹೊತ್ತುಕೊಂಡು ಹೋಗಿದೆ ಎಂದು ನೀವು ನನಗೆ ಹೇಳಲೇ ಇಲ್ಲ. ಹಾಲು ಸೀದ ವಾಸನೆ ಬೀದಿಗೆ ಹಬ್ಬಿದರೂ ನೀವು ಅದರ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಿರಿ, ಆಗ ತಿಳಿಯಿತು. ತಾನಾಗಿಯೇ ಮರಳಬಹುದು, ಕಾಯಬೇಕು ಎಂದರು ಡಾಕ್ಟರು. ಅಲ್ಲಿಯವರೆಗೆ ಕೈ ಅಂದಾಜಿನಲ್ಲೇ ಅಡುಗೆ ಮಾಡಿದಿರಿ, ತಿಂದವರಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಂಬದೆ ಹೋದವರು ನೀವೊಬ್ಬರೇ.

ಮೊದಲಿನಿಂದಲೂ ನಮ್ಮ ಅಡುಗೆಮನೆಯಲ್ಲಿ ಒಂದೇ ಪದ್ಧತಿ. ಒಲೆಯ ಎಡಕ್ಕೆ ನಾನು, ಬಲಕ್ಕೆ ನೀವು. ನೀವು ರುಚಿ ನೋಡಿ “ಸಾಕು” ಎಂದರೆ ಎಲ್ಲ ಕೂಡಿಬಂದಿದೆ, ಇನ್ನು ಇಳಿಸು ಎಂದು ಅರ್ಥ. ಅದಕ್ಕಿಂತ ದೊಡ್ಡ ಹೊಗಳಿಕೆ ನಿಮ್ಮ ಬಾಯಿಂದ ಬಂದದ್ದಿಲ್ಲ. ಮದುವೆಯಾದ ಹೊಸತರಲ್ಲಿ ಹೊಸ ಬಟ್ಟೆ ಹಾಕಿಕೊಂಡು ಬಂದು ಹೇಗಿದೆ ಎಂದು ಕೇಳಿದರೂ “ಸಾಕು” ಎಂದವರಲ್ಲವೇ ನೀವು? ವಾರವೆಲ್ಲ ಮುಖ ಊದಿಸಿಕೊಂಡಿದ್ದೆ. ಅದು ಹೊಗಳಿಕೆ ಎಂದು ನನಗೆ ಬಿಡಿಸಿ ಹೇಳಲು ನಿಮ್ಮ ಅಮ್ಮನೇ ಬರಬೇಕಾಯಿತು.

ನೀವು ಹೊರಟುಹೋದ ಆ ಶನಿವಾರ, ಮೂರನೇ ತಾರೀಕು, ಸಂಜೆ ಏನಾಯಿತು ಎಂದು ಕೂತಲ್ಲಿ ನಿಂತಲ್ಲಿ ಯೋಚಿಸುತ್ತಿದ್ದೇನೆ. ಹೊರಗೆ ಮೇಜುಗಳೆಲ್ಲ ತುಂಬಿದ್ದವು. ದೊಡ್ಡ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು ಕುದಿಯುತ್ತಿತ್ತು. ನೀವು ಉಪ್ಪು ಹಾಕಿದಿರಿ, ಸ್ವಲ್ಪ ಹೊತ್ತು ಬಿಟ್ಟು ಅನುಮಾನ ಬಂದು ಮತ್ತೆ ಹಾಕಿದಿರಿ. ಮೂರನೇ ಸಲ ಕೈ ಎತ್ತಿದವರು ನನ್ನ ಮುಖ ನೋಡಿದಿರಿ. ನಾನು ಚಮಚ ಅದ್ದಿ ರುಚಿ ನೋಡಿದೆ. ಸರಿಯಾಗಿತ್ತು ರೀ, ಎಂದಿನ ಹಾಗೆಯೇ ಇತ್ತು. ನಿಮ್ಮ ಧಾಟಿಯಲ್ಲೇ, ಹೊರಗಿನ ಮೇಜಿನವರಿಗೂ ಕೇಳುವಷ್ಟು ಗಟ್ಟಿಯಾಗಿ “ಸಾಕು” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ನೀವು ಸೌಟು ಇಟ್ಟಿರಿ, ಏಪ್ರನ್ನು ಬಿಚ್ಚಿ ಮಡಿಸಿ ಮೊಳೆಗೆ ಹಾಕಿದಿರಿ, ಹಿಂಬಾಗಿಲಿನಿಂದ ಹೊರಗೆ ಹೋದಿರಿ. ಗಾಳಿಗೆ ನಿಂತಿದ್ದೀರಿ ಎಂದುಕೊಂಡು ನಾನು ಬಟ್ಟಲು ತುಂಬಿಸುತ್ತಲೇ ಇದ್ದೆ. ಜನ ಬಟ್ಟಲು ನೆಕ್ಕಿಟ್ಟು ಹೋದರು. ಅದನ್ನು ಹೇಳೋಣವೆಂದು ಬಂದರೆ ನೀವಿಲ್ಲ, ನಿಮ್ಮ ಚೀಲವೂ ಇಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಊಟ ಬಲ್ಲವರಿಗೇ ರೋಗ ಬಂತು. ಜಗಳವನ್ನಾದರೂ ಆಡಿದ್ದರೆ ಚೆನ್ನಾಗಿತ್ತು, ನೀವು ಮಾತೇ ಆಡದೆ ಹೋದಿರಿ. ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ಬರೆಯಲೇಬೇಕಾದದ್ದು. ಈ ಭಾನುವಾರ ಬೆಟ್ಟದ ನೆತ್ತಿಯ ಹುಲ್ಲಿನ ಮೇಲೆ ನಮ್ಮ ಹೋಟೆಲಿನ ಉದ್ದ ಮೇಜಿನ ಊಟ. ಪ್ರತಿವರ್ಷ ರೋಪ್‌ವೇ ಡಬ್ಬಿಯಲ್ಲಿ ಸೂಪಿನ ಪಾತ್ರೆ ತಬ್ಬಿಕೊಂಡು, ಕೆಳಗೆ ನೋಡಲು ಹೆದರಿ, ಕಣ್ಣು ಮುಚ್ಚಿಕೊಂಡು ಹೋಗುತ್ತೀರಲ್ಲ, ಅದೇ ಊಟ. ಹೋಟೆಲಿನ ಯಜಮಾನರು ಇಷ್ಟು ದಿನ ತಡೆದುಕೊಂಡರು. ಇವತ್ತು ಬೆಳಿಗ್ಗೆ ಬಂದು, “ನೋಡಮ್ಮಾ, ಭಾನುವಾರ ಅವನು ಒಲೆ ಮುಂದೆ ಇಲ್ಲ ಅಂದ್ರೆ ನಾನು ಬೇರೆಯವರನ್ನ ಕರೀಲೇಬೇಕು. ಬಂದವರಿಗೆ ಈ ಮನೆಯೂ ಬೇಕಾಗತ್ತೆ” ಎಂದರು. ಅವರ ಮೇಲೆ ಕೋಪ ಮಾಡಿಕೊಳ್ಳಲಾರೆ, ಅವರಿಗೂ ಹೋಟೆಲು ನಡೆಯಬೇಕು. ನಾನು ಒಬ್ಬಳೇ ಎಷ್ಟು ದಿನ ಎಳೆಯಲಿ? ರುಚಿ ನೋಡಬಲ್ಲೆ, ಆದರೆ ನಿಮ್ಮ ಕೈ ನನಗಿಲ್ಲ. ಸೋಮವಾರದ ಅಣಬೆ ಸೂಪನ್ನು ಜನ ಮರ್ಯಾದೆಗೆ ಕುಡಿದರು. ಬಂದುಬಿಡಿ. ಕೈ ನಿಮ್ಮದು, ನಾಲಿಗೆ ನನ್ನದು, ಇಬ್ಬರೂ ಸೇರಿದರೆ ಒಬ್ಬ ಅಡುಗೆಯವನಾಗುವುದಿಲ್ಲವೇ? ಕೆಲಸ ಹೋದರೆ ಹೋಗಲಿ, ಮನೆ ಹೋದರೆ ಇನ್ನೊಂದು ಹುಡುಕೋಣ. ಆದರೆ ಗೋಡೆ ಕಡೆ ತಿರುಗಿ ಮಲಗಿದವರು ಹಾಗೆಯೇ ಉಳಿದುಬಿಡುತ್ತೀರೇನೋ ಎಂದು ನನಗೆ ಭಯವಾಗುತ್ತಿದೆ. ಈ ಭಯ ಹೊತ್ತುಕೊಂಡು ಒಲೆ ಮುಂದೆ ನಿಲ್ಲಲು ಆಗುತ್ತಿಲ್ಲ.

ಅಂಚೆಯನ್ನು ನಂಬಿ ಕೂರಲಾರೆ, ಸಂಜೆ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ, ನಿಮ್ಮನ್ನು ಇಷ್ಟು ದಿನ ನೋಡಿಕೊಂಡಿದ್ದಾರೆ. ಮಗಳು ನಿಮಗೆ ಮುತ್ತು ಕೊಟ್ಟಿದ್ದಾಳೆ, ಹಾಡು ಮರೆತದ್ದನ್ನು ಬರೆಯಬೇಡ ಎಂದೂ ಹೇಳಿದ್ದಾಳೆ. ಚೆನ್ನಾಗಿ ಉಂಡು, ಮೈ ಕೈ ಗಟ್ಟಿ ಮಾಡಿಕೊಂಡು, ನಮ್ಮ ಕಣ್ಣೆದುರಿಗೆ ಬನ್ನಿ.

ನಿಮ್ಮ,
ಒಲೆಯ ಎಡಗಡೆಯವಳು

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಹೇಗೋ ಓದಿಕೊಳ್ಳಿ. ಪತ್ರ ಅಂಟಿಸಿದ ಮೇಲೆ ಅಕ್ಕನ ಫೋನ್ ಬಂತು. “ಅವರನ್ನು ಬರಹೇಳಿ” ಎಂದು ಬೇಡಿಕೊಂಡೆ. “ಎಲ್ಲರ ಮುಂದೆ ನೀನೇ ಅವನಿಗೆ ‘ಸಾಕು’ ಅಂದೆಯಂತಲ್ಲೇ, ಇನ್ನು ಯಾವ ಮುಖ ಇಟ್ಕೊಂಡು ಬರ್ತಾನೆ” ಎಂದರು. ನೀವು ಯಾಕೆ ಹೋದಿರಿ ಎಂದು ಆಗ ತಿಳಿಯಿತು. “ಅವರಿಗೆ ಫೋನ್ ಕೊಡಿ” ಎಂದರೆ, ಮತ್ತೆ ಸ್ನಾನ. ಕವರನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಉಪ್ಪಿಗೆ ಸಾಕು ಅಂದೆ ರೀ, ನಿಮಗಲ್ಲ. ಇಳಿಸಿ, ಸರಿಯಾಗಿದೆ ಅಂದೆ. ನೀವೇ ಕಲಿಸಿದ ಮಾತನ್ನು ನೀವೇ ಮರೆತರೆ ನಾನು ಯಾರಿಗೆ ಹೇಳಲಿ? ನೀವು ನನಗೆ ಇನ್ನೂ ಸಾಕಾಗಿಲ್ಲ. ಬೆಳಗಿನ ಬಸ್ಸು ಹತ್ತಿ.