ಮಾಡದಕೆರೆಯ ದೇವಿಕಾ ಆಡಿದ ಒಂದೇ ಒಂದು ಟೆಸ್ಟ್

ಮಹಿಳಾ ಕ್ರಿಕೆಟ್ಟಿನ ವೇಳಾಪಟ್ಟಿಗೆ ಸಹಿ ಹಾಕುವ ಮಾನ್ಯ ಅಧ್ಯಕ್ಷರೇ,

ಹೊಸದುರ್ಗ ತಾಲ್ಲೂಕು ಮಾಡದಕೆರೆಯ ದೇವಿಕಾ ಎಂಬ ಸ್ಪಿನ್ ಬೌಲರ್ ದೇಶಕ್ಕಾಗಿ ಒಂದು ಟೆಸ್ಟ್ ಪಂದ್ಯ ಆಡಿದಳು. ಮೊದಲ ಇನಿಂಗ್ಸಿನಲ್ಲೇ ಐದು ವಿಕೆಟ್ ಕಿತ್ತಳು. ಎರಡನೆಯ ಟೆಸ್ಟ್ ಆಡಲಿಲ್ಲ. ಗಾಯವಾಗಿತ್ತೇ ಎಂದು ಕೇಳಬೇಡಿ, ಕಲ್ಲಿನಂತಿದ್ದಾಳೆ. ಅವಳಿಗಿಂತ ಚೆನ್ನಾಗಿ ಆಡುವವರು ಬಂದರೇ ಎಂದೂ ಕೇಳಬೇಡಿ, ಬಂದವರಿಗೂ ಆಡಲು ಜಾಗವಿಲ್ಲ. ಅವಳು ಎರಡನೆಯ ಟೆಸ್ಟ್ ಆಡದಿರುವುದಕ್ಕೆ ಕಾರಣ ಒಂದೇ: ಆಮೇಲೆ ತಾವು ಟೆಸ್ಟನ್ನೇ ಇಟ್ಟಿಲ್ಲ.

ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಯಾವ ಕ್ಷೌರದಂಗಡಿಗೆ ಹೋಗಿ ಕುಳಿತರೂ, ಕತ್ತರಿ ಶುರುವಾಗುವ ಮೊದಲೇ ಚರ್ಚೆ ಶುರುವಾಗುತ್ತದೆ. ಒಂದೇ ಟೆಸ್ಟ್ ಆಡಿ ಮಾಯವಾದವರು, ಶತಕ ಹೊಡೆದೂ ಮನೆಗೆ ಹೋದವರು, ತಮಗಿಂತ ದೊಡ್ಡ ಸ್ಪಿನ್ನರ್ ಇದ್ದ ಕಾಲದಲ್ಲಿ ಹುಟ್ಟಿದ್ದೇ ತಪ್ಪಾಗಿ ಪೆವಿಲಿಯನ್ನಿನಲ್ಲಿ ನೀರು ಹೊತ್ತವರು, ಇವರೆಲ್ಲರ ಹೆಸರು ಹಿಡಿದು ನಮ್ಮ ಜನ ನಿಟ್ಟುಸಿರು ಬಿಡುತ್ತಾರೆ. ಬಿಡಲಿ, ನಾನೂ ಬಿಟ್ಟಿದ್ದೇನೆ. ಆದರೆ ಒಂದು ಮಾತು ಹೇಳಿ ಸ್ವಾಮಿ, ಆ ಗಂಡಸರನ್ನು ಕೊನೇಪಕ್ಷ ಯಾರೋ ಕೈಬಿಟ್ಟರಲ್ಲವೇ? ಆಯ್ಕೆ ಸಮಿತಿ ಕೂತಿತು, ಚಹಾ ಕುಡಿಯಿತು, ಹೆಸರು ಹೊಡೆದುಹಾಕಿತು. ಮರುದಿನ ಪೇಪರಿನಲ್ಲಿ ‘ಅನ್ಯಾಯ’ ಎಂದು ನಾಲ್ಕು ಸಾಲು ಬಂತು. ದೇವಿಕಾಗೆ ಆ ಭಾಗ್ಯವೂ ಇಲ್ಲ. ಅವಳನ್ನು ಯಾರೂ ತಂಡದಿಂದ ತೆಗೆದಿಲ್ಲ. ತೆಗೆಯಲು ತಂಡವೇ ಇಲ್ಲ. ಬಸ್ಸು ಬರುವ ಸ್ಟಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡವರ ದುಃಖ ನನಗೆ ಅರ್ಥವಾಗುತ್ತದೆ. ಬಸ್ಸೇ ಬಿಡದ ಸ್ಟಾಂಡಿನಲ್ಲಿ ಚೀಲ ಹಿಡಿದು ನಿಂತವಳಿಗೆ ಏನೆಂದು ಸಮಾಧಾನ ಹೇಳಲಿ?

ನಾನು ಯಾರು ಎಂದು ತಾವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಹೊಸದುರ್ಗದಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಇಟ್ಟುಕೊಂಡವನು. ಮದುವೆ, ಮಠದ ಸಮಾರಂಭ, ಚುನಾವಣಾ ಪ್ರಚಾರ, ಎಲ್ಲಕ್ಕೂ ಕಂಬ ನೆಟ್ಟಿದ್ದೇನೆ. ತಾಲ್ಲೂಕಿನ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಮೈಕು ನನ್ನದೇ ಆದ್ದರಿಂದ ವೀಕ್ಷಕ ವಿವರಣೆಯೂ ನನ್ನದೇ. ಕಸಿದುಕೊಳ್ಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ದೇವಿಕಾ ಕುರಿ ಕಾಯುವ ಮನೆಯ ಹುಡುಗಿ. ತಾಯಿ ಸಿದ್ದಕ್ಕನ ಹಿಂದೆ ಮಂದೆ ಹೊಡೆದುಕೊಂಡು ಬೆಳೆದವಳು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟು: ದಾರಿ ತಪ್ಪಿದ ಕುರಿಗೆ ಕಲ್ಲು ಬೀಸಬಹುದು, ಆದರೆ ಕುರಿಗೆ ತಾಗಬಾರದು. ಕಲ್ಲು ಅದರ ಮೂತಿಯ ಮುಂದೆ ಬೀಳಬೇಕು, ಅದು ಬೆಚ್ಚಿ ತಿರುಗಿ ಮಂದೆ ಸೇರಬೇಕು. “ಗಬ್ಬದ ಕುರಿಗೆ ಬಿದ್ರೆ ಮರಿ ಹೋತೈತೆ ಕಣಲೇ, ಮುಂದಕ್ಕೆ ಹಾಕು, ಮುಂದಕ್ಕೆ,” ಎಂದು ಸಿದ್ದಕ್ಕ ಬೈದು ಬೈದು ಕಲಿಸಿದ ವಿದ್ಯೆ ಅದು. ಹಾಗೆ ಪಳಗಿದ ಕೈಗೆ ಚೆಂಡು ಸಿಕ್ಕಾಗ ಏನಾಗುತ್ತದೆ? ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಐಮಂಗಲದಲ್ಲಿ ಹುಡುಗರ ಟೂರ್ನಮೆಂಟಿಗೆ ಒಬ್ಬ ಆಟಗಾರ ಕಡಿಮೆಯಾದಾಗ ಅವಳನ್ನು ಇಳಿಸಿದರು. ಮೀಸೆ ತಿರುವುತ್ತ ಬಂದ ಬ್ಯಾಟ್ಸ್‌ಮನ್ನುಗಳು ಒಬ್ಬರ ಹಿಂದೊಬ್ಬರು ತಲೆ ಕೆರೆದುಕೊಂಡು ವಾಪಸ್ಸು ಹೋದರು. ನಾನು ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಅಲ್ಲಿಂದ ಜಿಲ್ಲೆ, ರಾಜ್ಯ, ಕೊನೆಗೆ ದೇಶ. ಹೇಳುವಾಗ ಮೂರೇ ಮಾತು. ನಡೆಯುವಾಗ ಅವಳ ಅರ್ಧ ಆಯಸ್ಸು ಹೋಯಿತು.

ಟೆಸ್ಟ್ ತಂಡಕ್ಕೆ ಅವಳ ಹೆಸರು ಬಂದ ದಿನ ಊರಿಗೆ ಊರೇ ಕುಣಿಯಿತು. ಅಲ್ಲೊಂದು ಎಡವಟ್ಟಾಯಿತು. ನಮ್ಮ ಕಡೆ ಯಾವ ಟೂರ್ನಮೆಂಟಾದರೂ ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ; ಕಪ್, ಹಾರ, ಭಾಷಣ ಎಲ್ಲ ಅದೇ ಸಂಜೆ. ಹಾಗಾಗಿ ಪಂದ್ಯ ಶುರುವಾದ ಮರುದಿನಕ್ಕೇ ನಾವು ಸನ್ಮಾನ ಇಟ್ಟುಕೊಂಡೆವು. ಶಾಮಿಯಾನ ಏರಿತು, ಅದರಡಿ ಟೀವಿಯೂ ಕೂತಿತು, ಅತಿಥಿಗಳು ಪೇಟ ಸುತ್ತಿಕೊಂಡು ಬಂದರು, ಸನ್ಮಾನಿತಳು ಮಾತ್ರ ದೂರದ ಊರಿನಲ್ಲಿ ಇನ್ನೂ ಬೌಲಿಂಗ್ ಮಾಡುತ್ತಿದ್ದಳು. ನನ್ನ ಹೆಂಡತಿ ವೀರಮ್ಮ ಎಲ್ಲರೆದುರೇ, “ನಾಕು ದಿನದ ಆಟ ಅಂತ ಗೊತ್ತಿಲ್ದೆ ಹಾರ ತಂದೀರಲ್ರೀ, ಈಗ ಆ ಹಾರ ಯಾರಿಗೆ ಹಾಕ್ತೀರಿ, ಟೀವಿಗಾ?” ಎಂದು ಕೇಳಿದಳು. ಹಾಕಿದೆವು ಸ್ವಾಮಿ, ಟೀವಿಗೇ ಹಾಕಿದೆವು. ನಕ್ಕುಬಿಡಿ, ಪರವಾಗಿಲ್ಲ. ಟೆಸ್ಟ್ ಎಷ್ಟು ದಿನದ್ದೆಂದು ನಮಗೆ ಗೊತ್ತಿರಲಿಲ್ಲ ನಿಜ. ಟೆಸ್ಟ್ ಎಂಬುದೊಂದಿದೆ ಎಂದು ತಮಗೆ ನೆನಪಿಲ್ಲವಲ್ಲ, ಅದು ಇನ್ನೂ ಹೆಚ್ಚಿನ ತಮಾಷೆ.

ಹಾಕಿದ ಶಾಮಿಯಾನ ಬಿಚ್ಚದೆ, ಕೊನೆಯ ದಿನದವರೆಗೂ ಎಲ್ಲರೂ ಅದರಡಿಯಲ್ಲೇ ಕೂತು ನೋಡಿದೆವು. ಎದುರಾಳಿಗಳ ಕೊನೆಯ ಜೋಡಿ ಆಡುತ್ತಿತ್ತು. ಇನ್ನೊಂದು ವಿಕೆಟ್ ಬಿದ್ದರೆ ನಮಗೆ ಗೆಲುವು, ಬೀಳದಿದ್ದರೆ ಡ್ರಾ. ಆಗ ಆ ಇಬ್ಬರ ನಡುವೆ ಗೊಂದಲವಾಯಿತು. ಒಬ್ಬಳು ಓಡಿದಳು, ಇನ್ನೊಬ್ಬಳು ಬೇಡವೆಂದಳು. ಓಡಿದವಳು ನಡುದಾರಿಯಲ್ಲಿ ದಿಕ್ಕೆಟ್ಟು ನಿಂತಳು. ಚೆಂಡು ಫೀಲ್ಡಿಂಗ್ ಮಾಡುತ್ತಿದ್ದ ದೇವಿಕಾಳ ಕೈಯಲ್ಲಿ. ಬೌಲರ್ ಜಾರಿ ಬಿದ್ದಿದ್ದಳು, ಓಡಿದವಳು ಬಿಟ್ಟು ಬಂದ ತುದಿಯ ವಿಕೆಟ್ಟಿನ ಬಳಿ ನರಪಿಳ್ಳೆಯಿಲ್ಲ. ವಿಕೆಟ್ಟಿಗೆ ನೇರ ಹೊಡೆದರೆ ಪಂದ್ಯ ಮುಗಿಯಿತು. ದೇವಿಕಾ ಎಸೆದಳು. ವಿಕೆಟ್ಟಿಗಲ್ಲ. ದಾರಿ ತಪ್ಪಿದ ಜೀವವೊಂದು ಕಣ್ಣಿಗೆ ಬಿತ್ತು ನೋಡಿ, ಹುಟ್ಟಿನಿಂದ ಪಳಗಿದ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತು. ಚೆಂಡು ಆ ಆಟಗಾರ್ತಿಯ ಮೂತಿಯ ಮುಂದೆ, ಅಂಗೈಯಗಲ ಜಾಗದಲ್ಲಿ, ಅಚ್ಚುಕಟ್ಟಾಗಿ ಬಿತ್ತು. ಅವಳು ಬೆಚ್ಚಿ, ಗಕ್ಕನೆ ತಿರುಗಿ, ಓಡಿ ಕ್ರೀಸ್ ಸೇರಿಕೊಂಡಳು.

ಶಾಮಿಯಾನದಡಿಯಲ್ಲಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತರು. ಸಿದ್ದಕ್ಕನೊಬ್ಬಳೇ ತೊಡೆ ತಟ್ಟಿಕೊಂಡು, “ಸರಿಯಾಗೇ ಹಾಕಿದ್ಲು ನನ್ ಮಗಳು! ತಿರುಗಿದ್ಲಾ ಇಲ್ವಾ ನೋಡ್ರಿ!” ಎಂದಳು. ನಾವು ಅಳಬೇಕೋ ನಗಬೇಕೋ ತಿಳಿಯದೆ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಂದ್ಯ ಡ್ರಾ ಆಯಿತು. ಅಂದು ಟೀವಿಯಲ್ಲಿ ಕೋಟು ಹಾಕಿಕೊಂಡ ಪಂಡಿತರೊಬ್ಬರು ‘ಒತ್ತಡ ನಿಭಾಯಿಸಲಾಗಲಿಲ್ಲ’ ಎಂದು ತೀರ್ಪು ಕೊಟ್ಟರು. ಒತ್ತಡವಂತೆ, ಮಣ್ಣಂತೆ! ಕೈಗೆ ಬಂದ ಕ್ಯಾಚನ್ನು ನೆಲಕ್ಕೆ ಬಿಟ್ಟ ಗಂಡಸರು ಮುಂದಿನ ವಾರ ಬನಿಯನ್ನಿನ ಜಾಹೀರಾತಿನಲ್ಲಿ ಹಲ್ಲು ಕಿರಿಯುತ್ತಾರೆ. ಅವರಿಗೆ ತಪ್ಪು ತಿದ್ದಿಕೊಳ್ಳಲು ಮುಂದಿನ ಟೆಸ್ಟ್ ಇರುತ್ತದೆ, ಅದರ ಮುಂದಿನದೂ ಇರುತ್ತದೆ. ದೇವಿಕಾ ತಪ್ಪನ್ನು ಎಲ್ಲಿ ತಿದ್ದಿಕೊಳ್ಳಬೇಕು? ಮಾಡದಕೆರೆಯ ಹೊಲದಲ್ಲೇ?

ಅಲ್ಲೇ ತಿದ್ದಿಕೊಳ್ಳುತ್ತಿದ್ದಾಳೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಹೊಲದ ಬದುವಿನಲ್ಲಿ ಒಂದೇ ಒಂದು ಸ್ಟಂಪು ನೆಟ್ಟು ದಿನಾ ಬೆಳಿಗ್ಗೆ ಎಸೆಯುತ್ತಾಳೆ. ನೇರ ಹೊಡೆಯುವುದನ್ನು ಅವಳು ಈಗ ಹೊಸದಾಗಿ ಕಲಿಯಬೇಕಾಗಿದೆ, ಹುಟ್ಟಿದಾಗಿನಿಂದ ಮಾಡಬಾರದೆಂದು ಬೈಸಿಕೊಂಡದ್ದನ್ನು. ಸಿದ್ದಕ್ಕ ಆ ಹೊತ್ತಿಗೆ ಮಂದೆಯನ್ನು ಊರಾಚೆ ಹೊಡೆದುಕೊಂಡು ಹೋಗುತ್ತಾಳೆ, “ಇವಳ ಹೊಸ ಚಟ ನನ್ ಕುರಿ ಮೇಲೆ ಬಿದ್ದೀತು” ಎಂದು. ಹತ್ತು ಎಸೆದರೆ ಎಂಟು ತಾಗುತ್ತವೆ. ನಾನು ಹೋಗಿ ಕಣ್ಣಾರೆ ನೋಡಿಬಂದಿದ್ದೇನೆ.

ಆದರೆ ಅವಳಿಗೆ ಮೂವತ್ತು ದಾಟಿದೆ. ಚಿತ್ರದುರ್ಗದ ವಸತಿ ಶಾಲೆಯೊಂದು ಆಟದ ಶಿಕ್ಷಕಿಯಾಗಿ ಬಾ ಎಂದು ಕರೆದಿದೆ. ಒಳ್ಳೆಯ ಕೆಲಸ. ಒಂದೇ ಷರತ್ತು: ಸೇರಿದ ಮೇಲೆ ಪಂದ್ಯ, ಶಿಬಿರ ಎಂದು ರಜೆ ಕೇಳುವಂತಿಲ್ಲ. ದಸರಾ ರಜೆ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಎಂದರೆ ಅವಳ ಕ್ರಿಕೆಟ್ ಅಲ್ಲಿಗೆ ಮುಗಿಯಿತು. ಊಹೂಂ ಎಂದು ಕಾದರೆ ಯಾವುದಕ್ಕೆ ಕಾಯಬೇಕು? ತಮ್ಮ ಕಚೇರಿಗೆ ಫೋನು ಮಾಡಿ ಮುಂದಿನ ಮಹಿಳಾ ಟೆಸ್ಟ್ ಯಾವಾಗ ಎಂದು ಕೇಳಿದೆ. ‘ಪರಿಶೀಲನೆಯಲ್ಲಿದೆ’ ಎಂದರು. ವೀರಮ್ಮ ಪಕ್ಕದಲ್ಲೇ ಇದ್ದವಳು, “ನಮ್ಮ ಸಂತೆಗಾದ್ರೂ ಒಂದು ವಾರ ಅಂತ ಐತೆ, ಇವರ ಟೆಸ್ಟಿಗೆ ಅದೂ ಇಲ್ವಾ?” ಎಂದಳು. ಫೋನಿನವರಿಗೆ ಅದು ಕೇಳಿಸಿತು. ಇಟ್ಟುಬಿಟ್ಟರು.

ಮೊನ್ನೆ ಈ ಪತ್ರ ಬರೆಯುತ್ತೇನೆಂದು ದೇವಿಕಾಗೆ ಹೇಳಿದೆ. “ನಿನ್ನನ್ನು ಮತ್ತೆ ಆರಿಸಿ ಎಂದು ಗಟ್ಟಿಯಾಗಿ ಕೇಳುತ್ತೇನೆ ನೋಡು,” ಎಂದು ಎದೆಯುಬ್ಬಿಸಿದೆ. ಅವಳು ಚೆಂಡು ಒರೆಸುತ್ತಿದ್ದವಳು ತಲೆಯಾಡಿಸಿದಳು.

“ಬ್ಯಾಡಣ್ಣ. ಆರಿಸ್ರಿ ಅಂತ ಕೇಳ್ಬ್ಯಾಡ್ರಿ, ನಾಚಿಕೆ ಆಗುತ್ತೆ. ನನಗಿಂತ ಚೆಂದ ಆಡೋ ಹುಡುಗೀರು ಅವ್ರೆ, ಅವರನ್ನೇ ಆರಿಸ್ಲಿ. ನನ್ನ ಬಿಟ್ಟು ಆರಿಸಿದ ದಿನ ನಾನು ಸೋತೆ ಅಂದ್ಕಂಡು ನೆಮ್ಮದಿಯಾಗಿ ಶಾಲೆಗೆ ಹೋಗ್ತೀನಿ. ಈಗ ನೋಡ್ರಿ, ನಾನು ಸೋತೂ ಇಲ್ಲ, ಗೆದ್ದೂ ಇಲ್ಲ. ಹಿಂಗೆ ಬಿಟ್ಟು ಹೋಗೋಕೆ ಕಾಲು ಬರ್ತಾ ಇಲ್ಲ.”

ಮೈಕು ಹಿಡಿದರೆ ಬಿಡದ ನಾನು ಅಂದೇ ಮನೆಗೆ ಬಂದು ಪೆನ್ನು ಹಿಡಿದೆ. 

ಆದ್ದರಿಂದ ನನ್ನ ಬೇಡಿಕೆಯನ್ನು ಅವಳಿಚ್ಛೆಯಂತೆ ಕಡಿಮೆ ಮಾಡಿದ್ದೇನೆ. ದೇವಿಕಾಳಿಗೆ ಕರುಣೆ ತೋರಿಸಿ ಎಂದು ಕೇಳುವುದಿಲ್ಲ. ಅವಳ ಐದು ವಿಕೆಟ್ ನೆನೆಯಿರಿ ಎಂದೂ ಕೇಳುವುದಿಲ್ಲ. ದಸರಾ ರಜೆ ಮುಗಿಯುವುದರೊಳಗೆ ಒಂದು ಟೆಸ್ಟ್ ಪಂದ್ಯದ ದಿನಾಂಕ ಪ್ರಕಟಿಸಿ. ಆಯ್ಕೆಗಾರರು ಕೂರಲಿ, ಎಲ್ಲರಿಂದಲೂ ಬೌಲಿಂಗ್ ಮಾಡಿಸಿ ನೋಡಲಿ, ಯೋಗ್ಯರಾದವರ ಹೆಸರು ಬರೆಯಲಿ. ಅದರಲ್ಲಿ ಇವಳಿಲ್ಲದಿದ್ದರೆ ನಮ್ಮಿಂದ ಒಂದು ತಕರಾರೂ ಇಲ್ಲ. ಸ್ವಾಮಿ, ಅವಳನ್ನು ಕೈಬಿಡುವುದಕ್ಕಾದರೂ ಒಂದು ಟೆಸ್ಟ್ ಇಡಿ.

ಇಂತಿ, ತಮ್ಮ ಪರಿಶೀಲನೆ ಮುಗಿಯುವುದರೊಳಗೆ ನಾನೇ ಮುಗಿದುಹೋದೇನೆಂಬ ಅಂಜಿಕೆಯಿರುವ,
ಪಂಚಾಕ್ಷರಪ್ಪ
ಹೊಸದುರ್ಗ