ಅಪ್ಪನ ಕೆಲಸ ಕೇಳುವ ಮೇಜು

ಜೂನ್ 9, ಸೋಮವಾರ

ಉದ್ಯೋಗ ಮಾರ್ಗದರ್ಶನ ಕೇಂದ್ರ ತೆರೆದಾಗ, ಓದಿದ ಮಕ್ಕಳಿಗೆಲ್ಲ ದಾರಿ ತೋರಿಸುತ್ತೇವೆ ಎಂದರು. ಇವತ್ತು ನನ್ನ ತಂಗಿಗೆ ತೋರಿಸಿದ್ದು ಬಾಗಿಲು.

ವಿಮಾನ ರಿಪೇರಿ ಕಲಿಯಲು ಎಲ್ಲಿ ಸೇರಬೇಕು ಎಂದು ಅವಳು ಕೇಳಿದಳು. ಸಲಹೆಗಾರ ಅಂಕಪಟ್ಟಿ ಮುಟ್ಟಲೂ ಇಲ್ಲ.

"ಅಪ್ಪ ಏನ್ ಮಾಡ್ತಾರಮ್ಮ?"

"ಚರಂಡಿ ಕ್ಲೀನ್ ಮಾಡ್ತಾರೆ ಸಾರ್."

"ಹಾಗಾದ್ರೆ ಹೌಸ್‌ಕೀಪಿಂಗ್ ತರಬೇತಿಗೆ ಸೇರ್ಕೊ. ನಿಮ್ಮೋರಿಗೆ ಅಭ್ಯಾಸ ಇರುತ್ತೆ."

ಆ ಮೇಜಿನ ಮುಂದೆ ಎಲ್ಲರಿಗೂ ಅದೇ ಮೊದಲ ಪ್ರಶ್ನೆ. ನಮ್ಮ ಹಿಂದಿದ್ದ ಡಾಕ್ಟರ ಮಗನಿಗೆ ಕುರ್ಚಿ ಸಿಕ್ಕಿತು, ಕಾಲೇಜುಗಳ ಹೆಸರೂ ಸಿಕ್ಕವು. ನಮಗೆ ಪೊರಕೆ! ಥೂ, ಇದೂ ಒಂದು ಮಾರ್ಗದರ್ಶನವೇ?

"ಬಿಡಣ್ಣ, ಇನ್ಮೇಲೆ ಫೋನನ್ನೇ ಕೇಳ್ತೀನಿ. ಅದಾದ್ರೂ ಅಪ್ಪನ ವಿಷಯ ಎತ್ತಲ್ಲ" ಎಂದಳು ಬಸ್ಸಿನಲ್ಲಿ.

ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಅವಳ ಫೋನಿನ ವಿಡಿಯೊದಲ್ಲಿ ಯಾವನೋ ಒಬ್ಬ "ಗ್ಯಾರಂಟಿ ಕೆಲಸ, ಇವತ್ತೇ ಫೀಸ್ ಕಟ್ಟಿ" ಎಂದು ಬೊಬ್ಬೆ ಹೊಡೆಯುತ್ತಿದ್ದಾನೆ. ವಿಮಾನ ರಿಪೇರಿ ಕೋರ್ಸಿಗೆ ಅರ್ಜಿ ಹಾಕಲು ಈ ವಾರವೇ ಕೊನೆಯಂತೆ. ಎಲ್ಲಿಗೆ ಹಾಕಬೇಕೆಂದು ಹೇಳುವವರಿಲ್ಲ.

ಅಪ್ಪನ ಪೌರಕಾರ್ಮಿಕರ ಸಂಘದವರಿಗೆಲ್ಲ ಹೇಳಿ ಕಳಿಸಿದ್ದೇನೆ. ಈ ಸಲ ಮೊದಲ ಪ್ರಶ್ನೆ ತಂಗಿಯದು: "ಸಾರ್, ನಿಮ್ಮಪ್ಪ ಏನ್ ಮಾಡ್ತಿದ್ರು?" ಉತ್ತರ ಬರುವವರೆಗೆ ಯಾರೂ ಏಳುವುದಿಲ್ಲ. ಸಭೆ ಅದೇ ಮೇಜಿನ ಮುಂದೆ, ಗುರುವಾರ ಬೆಳಿಗ್ಗೆ ಹತ್ತಕ್ಕೆ.